ಅಂತ್ಯಕಾಲದ ಘಟನಾಕ್ರಮ: ಬೈಬಲ್ ಪ್ರವಾದನೆಯ ವ್ಯಾಖ್ಯಾನದ ಚರಿತ್ರೆ

ಕ್ರಿಸ್ತನ ಎರಡನೆಯ ಬರೋಣ, ಸತ್ತವರ ಪುನರುತ್ಥಾನ, ಕ್ರಿಸ್ತವಿರೋಧಿಯ ದಬ್ಬಾಳಿಕೆ, ಮಹಾಸಂಕಟ, ಸಾವಿರ ವರ್ಷದ ಆಳ್ವಿಕೆ, ಕಡೆಯ ನ್ಯಾಯತೀರ್ಪು, ಹೊಸ ಆಕಾಶ, ಹೊಸ ಭೂಮಿ. ಈ ಮಾತುಗಳೆಲ್ಲ ಬೈಬಲಿನಲ್ಲಿವೆ ಎಂಬುದನ್ನು ಎಲ್ಲ ಕ್ರೈಸ್ತ ಪಂಥಗಳೂ ಒಪ್ಪುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬಲ್ಲಿ ಮಾತ್ರ ಎರಡು ಸಾವಿರ ವರ್ಷಗಳಾದರೂ ಒಮ್ಮತ ಮೂಡಿಲ್ಲ. ಬೈಬಲಿನ ಯಾವ ಪುಸ್ತಕವೂ ಇವನ್ನೆಲ್ಲ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದಿಲ್ಲ. ದಾನಿಯೇಲ, ಯೆಹೆಜ್ಕೇಲ, ಜೆಕರ್ಯ, ಸುವಾರ್ತೆಗಳು, ಪೌಲನ ಪತ್ರಗಳು, ಯೋಹಾನನ ಪ್ರಕಟನೆ ಇವುಗಳಲ್ಲಿ ತುಣುಕುಗಳು ಚದುರಿ ಬಿದ್ದಿವೆ. ಅವನ್ನು ಪೋಣಿಸುವ ಕೆಲಸ ಓದುಗರ ಪಾಲಿಗೆ ಬಂದಿದೆ. ಆ ಪೋಣಿಸುವಿಕೆಯ ಚರಿತ್ರೆಯೇ ಈ ಲೇಖನದ ವಿಷಯ.

ಕ್ರಮದ ಪ್ರಶ್ನೆ ಮೊಟ್ಟಮೊದಲು ಎದ್ದದ್ದು ಸಾವಿನ ಮನೆಯಲ್ಲಿ. ಕ್ರಿ.ಶ. 50ರ ಸುಮಾರಿಗೆ ಥೆಸಲೋನಿಕದ ಪುಟ್ಟ ಸಭೆಯಲ್ಲಿ ಕೆಲವರು ತೀರಿಕೊಂಡರು. ಕರ್ತನು ಇನ್ನೇನು ಬಂದೇಬಿಡುತ್ತಾನೆಂದು ಕಾದಿದ್ದ ಜನಕ್ಕೆ ಒಳಗೇ ಕುದಿತ ಶುರುವಾಯಿತು: ಬರೋಣಕ್ಕೆ ಮುಂಚೆ ಕಣ್ಣು ಮುಚ್ಚಿದವರ ಗತಿಯೇನು, ಅವರು ಎಲ್ಲವನ್ನೂ ಕಳೆದುಕೊಂಡರೇ? ಪೌಲ ಬರೆದ ಉತ್ತರದಲ್ಲಿ ಒಂದು ಕ್ರಮವಿದೆ. ಕ್ರಿಸ್ತನಲ್ಲಿ ಸತ್ತವರು ಮೊದಲು ಏಳುತ್ತಾರೆ. ಆಮೇಲೆ ಬದುಕಿರುವವರು ಅವರ ಜೊತೆಗೇ ಮೇಘಗಳಲ್ಲಿ ಎತ್ತಲ್ಪಟ್ಟು ಕರ್ತನನ್ನು ಎದುರುಗೊಳ್ಳುತ್ತಾರೆ. ಈ 'ಮೊದಲು', 'ಆಮೇಲೆ' ಎಂಬ ಶಬ್ದಗಳು ಅಳುವವರನ್ನು ಸಂತೈಸಲು ಬಂದವು ಎಂಬುದನ್ನು ಮುಂದಿನ ವಾದಗಳ ಗದ್ದಲದಲ್ಲಿ ಮರೆಯಬಾರದು. ಅದೇ ಸಭೆಗೆ ಬರೆದ ಎರಡನೆಯ ಪತ್ರದ ಸಂದರ್ಭ ಬೇರೆ. ಆ ದಿನ ಆಗಲೇ ಬಂದುಬಿಟ್ಟಿತೆಂದು ಗಾಬರಿಗೊಂಡವರಿಗೆ, ಅಧರ್ಮಸ್ವರೂಪನು ಬಯಲಿಗೆ ಬರುವ ತನಕ ಅದು ಬರುವುದಿಲ್ಲ ಎಂದು ಅಲ್ಲಿ ಹೇಳಿದೆ. ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟರೆ ಸಮಸ್ಯೆ ಕಣ್ಣಿಗೆ ಕಾಣುತ್ತದೆ. ಒಂದರಲ್ಲಿ ಬರೋಣ ಕಳ್ಳನಂತೆ ತಟ್ಟನೆ ಬರುತ್ತದೆ, ಇನ್ನೊಂದರಲ್ಲಿ ಅದಕ್ಕೆ ಮುಂಚಿತವಾಗಿ ಗುರುತುಗಳಿವೆ.

ತೊಡಕು ಹೆಚ್ಚಿರುವುದು ಪ್ರಕಟನೆಯಲ್ಲಿ. ಏಳು ಮುದ್ರೆಗಳು ಒಡೆಯುತ್ತವೆ, ಏಳು ತುತೂರಿಗಳು ಊದುತ್ತವೆ, ಕೋಪದ ಏಳು ಪಾತ್ರೆಗಳು ಸುರಿಯುತ್ತವೆ. ಇವು ಒಂದರ ಹಿಂದೊಂದು ನಡೆಯುವ ಇಪ್ಪತ್ತೊಂದು ಘಟನೆಗಳೋ, ಒಂದೇ ಕಾಲವನ್ನು ಮೂರು ಸಲ ಸುತ್ತಿ ಹೇಳುವ ದರ್ಶನಗಳೋ? ಆರನೆಯ ಮುದ್ರೆಯಲ್ಲೇ ಆಕಾಶ ಸುರುಳಿಯಂತೆ ಸುತ್ತಿಕೊಂಡು ಹೋಗುತ್ತದೆ, ಆದರೂ ಕಥೆ ಮುಂದುವರಿಯುತ್ತದೆ. 'ಇದಾದ ಮೇಲೆ ಕಂಡೆ' ಎಂಬರ್ಥದ ಮಾತು ಪುಸ್ತಕದಲ್ಲಿ ಮತ್ತೆಮತ್ತೆ ಬರುತ್ತದೆ. ಅದು ಯೋಹಾನ ಕಂಡ ಕ್ರಮವನ್ನು ಹೇಳುತ್ತದೆ; ನಡೆಯುವ ಕ್ರಮವೂ ಅದೇ ಎಂದು ತಾನಾಗಿ ಆಗುವುದಿಲ್ಲ. ಇಡೀ ಚರಿತ್ರೆಯ ತಿರುಗುಗೂಟವಿರುವುದು 19 ಮತ್ತು 20ನೆಯ ಅಧ್ಯಾಯಗಳ ನಡುವೆ. 19ರಲ್ಲಿ ಬಿಳಿ ಕುದುರೆಯ ಸವಾರ ಮೃಗವನ್ನು ಸೋಲಿಸುತ್ತಾನೆ. 20ರಲ್ಲಿ ಘಟಸರ್ಪವನ್ನು, ಅಂದರೆ ಸೈತಾನನನ್ನು, ಸಾವಿರ ವರ್ಷ ಕಟ್ಟಿಹಾಕಲಾಗುತ್ತದೆ. ಎರಡನೆಯದು ಮೊದಲನೆಯದರ ನಂತರ ಎಂದು ಓದಿದರೆ ಕ್ರಿಸ್ತ ಬಂದ ಮೇಲೆ ಭೂಮಿಯಲ್ಲಿ ಸಾವಿರ ವರ್ಷದ ರಾಜ್ಯ. 20ನೆಯ ಅಧ್ಯಾಯ ಹಿಂದಕ್ಕೆ ಹೋಗಿ ಕಥೆಯನ್ನು ಮೊದಲಿಂದ ಹೇಳುತ್ತದೆ ಎಂದು ಓದಿದರೆ ಆ ಸಾವಿರ ವರ್ಷ ಈಗಲೇ ನಡೆಯುತ್ತಿದೆ.

ಮೊದಲ ಮೂರು ಶತಮಾನಗಳ ಅನೇಕರು ನೇರವಾಗಿ ಓದಿದರು. ಪಪಿಯಾಸ್, ಜಸ್ಟಿನ್, ಟೆರ್ಟುಲಿಯನ್ ಇವರೆಲ್ಲ ಭೂಮಿಯ ಮೇಲಿನ ರಾಜ್ಯವನ್ನು ಎದುರುನೋಡಿದವರು. 180ರ ಸುಮಾರಿಗೆ ಲಿಯೋನ್‌ನ ಬಿಷಪ್ ಐರೀನಿಯಸ್ ಕೊಟ್ಟ ಕ್ರಮ ಸ್ಪಷ್ಟವಾಗಿದೆ: ರೋಮ್ ಹತ್ತು ರಾಜರ ಪಾಲಾಗುತ್ತದೆ, ಕ್ರಿಸ್ತವಿರೋಧಿ ಮೂರೂವರೆ ವರ್ಷ ಆಳುತ್ತಾನೆ, ಕರ್ತನು ಬರುತ್ತಾನೆ, ನೀತಿವಂತರು ಎದ್ದು ಆಳುತ್ತಾರೆ, ಆಮೇಲೆ ತೀರ್ಪು. ಆರು ದಿನಗಳ ಸೃಷ್ಟಿಗೆ ಆರು ಸಾವಿರ ವರ್ಷ, ಏಳನೆಯ ಸಬ್ಬತ್ ದಿನಕ್ಕೆ ಏಳನೆಯ ಸಾವಿರ ಎಂಬ ಲೆಕ್ಕ ಇದರ ಬೆನ್ನಿಗಿತ್ತು. ರೋಮಿನ ಹಿಪ್ಪೋಲಿಟಸ್ ಅದೇ ಲೆಕ್ಕ ಹಿಡಿದು, ಕ್ರಿಸ್ತ ಹುಟ್ಟಿದ್ದು ಸೃಷ್ಟಿಯ 5500ನೆಯ ವರ್ಷದಲ್ಲಿ, ಆದ್ದರಿಂದ ಇನ್ನೂ ಕೆಲವು ಶತಮಾನ ಉಳಿದಿವೆ ಎಂದ. ಜನರ ಉದ್ವೇಗ ತಣಿಸುವುದಕ್ಕೂ ಲೆಕ್ಕ ಒದಗುತ್ತದೆ ಎಂಬುದಕ್ಕೆ ಇದು ಹಳೆಯ ಉದಾಹರಣೆ.

ವಿಕ್ಟೋರಿನಸ್ ಎಂಬಾತನ ಕಥೆಯ ಬಳಿ ಸ್ವಲ್ಪ ನಿಲ್ಲಬೇಕು. ಇಂದಿನ ಸ್ಲೊವೇನಿಯಾದ ಪ್ಟುಯ್ ಊರಿನ ಬಿಷಪ್ ಈತ. 304ರ ಸುಮಾರಿಗೆ ಹುತಾತ್ಮನಾದ. ಪ್ರಕಟನೆಗೆ ಲ್ಯಾಟಿನ್‌ನಲ್ಲಿ ಬರೆದ, ನಮಗೆ ಉಳಿದುಬಂದಿರುವ ಮೊದಲ ವ್ಯಾಖ್ಯಾನ ಇವನದು. ತುತೂರಿಗಳು ಹೇಳಿದ್ದನ್ನೇ ಪಾತ್ರೆಗಳು ಮತ್ತೆ ಹೇಳುತ್ತವೆ, ಇಲ್ಲಿ ಸಾಲನ್ನು ಹುಡುಕದೆ ಅರ್ಥವನ್ನು ಹುಡುಕಬೇಕು ಎಂಬ ಸೂತ್ರವನ್ನು ಕೊಟ್ಟವನೂ ಇವನೇ. ಹಾಗಿದ್ದೂ ಸಾವಿರ ವರ್ಷದ ರಾಜ್ಯವನ್ನು ಅಕ್ಷರಶಃ ನಂಬಿದ್ದ. 398ರಲ್ಲಿ ಈ ಪುಸ್ತಕದ ಪ್ರತಿ ಬೈಬಲ್ ಅನುವಾದಕ ಜೆರೋಮ್‌ನ ಕೈಗೆ ಬಂತು. ಜೆರೋಮ್ ಕೊನೆಯ ಭಾಗವನ್ನು ಕತ್ತರಿಸಿ, ತನಗೆ ಸರಿಕಂಡ ಬೇರೊಂದು ಮುಕ್ತಾಯ ಬರೆದು ಹಾಕಿದ. ಮುಂದೆ ಸಾವಿರಕ್ಕೂ ಹೆಚ್ಚು ವರ್ಷ ಓದುಗರ ಕೈಯಲ್ಲಿದ್ದದ್ದು ಈ ತಿದ್ದಿದ ವಿಕ್ಟೋರಿನಸ್. ಮೂಲದ ಮುಕ್ತಾಯ ವ್ಯಾಟಿಕನ್ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ ಸಿಕ್ಕಿ, 1916ರಲ್ಲಿ ಹೌಸ್‌ಲೈಟರ್ ಸಂಪಾದಿಸಿದ ಆವೃತ್ತಿಯಲ್ಲಿ ಅಚ್ಚಾಯಿತು. ಹುತಾತ್ಮನೊಬ್ಬನ ನಿರೀಕ್ಷೆಯ ಹಾಳೆಗಳು ಅಷ್ಟು ಕಾಲ ಕಣ್ಮರೆಯಾಗಿದ್ದವು ಎಂದರೆ ಮನಸ್ಸಿಗೆ ನೋವಾಗುತ್ತದೆ.

ಉತ್ತರ ಆಫ್ರಿಕಾದ ಟೈಕೋನಿಯಸ್ 380ರ ಸುಮಾರಿಗೆ ಬರೆದ ಏಳು ನಿಯಮಗಳಲ್ಲಿ ಒಂದು ಪುನರುಕ್ತಿಯದು: ಮುಂದೆ ಸಾಗುತ್ತಿರುವಂತೆ ಕಾಣುವ ಮಾತು ಹಿಂದಿನದನ್ನೇ ಮತ್ತೆ ಹೇಳುತ್ತಿರಬಹುದು. ಹಿಪ್ಪೋದ ಬಿಷಪ್ ಅಗಸ್ಟೀನ್ ಇದನ್ನು ಹಿಡಿದುಕೊಂಡ. ಹಿಂದೊಮ್ಮೆ ತಾನೂ ಐಹಿಕ ಸಾವಿರ ವರ್ಷವನ್ನು ನಂಬಿದ್ದೆನೆಂದು 'ದೇವರ ನಗರ'ದ ಇಪ್ಪತ್ತನೆಯ ಭಾಗದಲ್ಲಿ ಒಪ್ಪಿಕೊಂಡು, ಈಗ ಆ ಸಾವಿರ ವರ್ಷ ಎಂದರೆ ಸಭೆಯ ಕಾಲ, ಮೊದಲ ಪುನರುತ್ಥಾನ ಎಂದರೆ ಆತ್ಮ ಪಾಪದಿಂದ ಏಳುವುದು ಎಂದು ವಿವರಿಸಿದ. ಅದೇ ಭಾಗದ ಕೊನೆಯಲ್ಲಿ ಒಂದು ಪಟ್ಟಿಯನ್ನೂ ಕೊಟ್ಟಿದ್ದಾನೆ: ಎಲೀಯ ಬರುವುದು, ಯೆಹೂದ್ಯರು ನಂಬುವುದು, ಕ್ರಿಸ್ತವಿರೋಧಿಯ ಹಿಂಸೆ, ಕ್ರಿಸ್ತನ ತೀರ್ಪು, ಸತ್ತವರು ಏಳುವುದು, ಒಳ್ಳೆಯವರು ಕೆಟ್ಟವರು ಬೇರ್ಪಡುವುದು, ಲೋಕ ಬೆಂಕಿಯಲ್ಲಿ ಬೆಂದು ಹೊಸತಾಗುವುದು. ಇವೆಲ್ಲ ನಡೆಯುವುದು ಖಂಡಿತ, ಆದರೆ ಹೇಗೆ, ಯಾವ ಕ್ರಮದಲ್ಲಿ ಎಂಬುದನ್ನು ಈಗಿನ ನಮ್ಮ ಬುದ್ಧಿಗಿಂತ ಆಗಿನ ಅನುಭವವೇ ಚೆನ್ನಾಗಿ ಕಲಿಸೀತು. ತನಗೆ ತೋಚಿದ್ದು ಈ ಕ್ರಮ, ಅಷ್ಟೇ ಎಂಬುದು ಅವನ ನಿಲುವು. ಈ ವಿಷಯದ ಮೇಲೆ ಬರೆದ ಅಸಂಖ್ಯ ಪುಟಗಳಲ್ಲಿ ಇಷ್ಟು ಪ್ರಾಮಾಣಿಕವಾದ ಮಾತು ಅಪರೂಪ.

ಅಗಸ್ಟೀನ್ ಮುಚ್ಚಿದ ಬಾಗಿಲಲ್ಲಿ ಒಂದು ಸಣ್ಣ ಸಂದಿ ಉಳಿದಿತ್ತು. ದಾನಿಯೇಲನ ಕೊನೆಯ ಅಧ್ಯಾಯದಲ್ಲಿ ಎರಡು ಸಂಖ್ಯೆಗಳಿವೆ: 1290 ದಿನ ಮತ್ತು 1335 ದಿನ. ಮೊದಲನೆಯದಕ್ಕೆ ಕ್ರಿಸ್ತವಿರೋಧಿ ಸಾಯುತ್ತಾನೆ ಎಂದರೆ, ಮಿಕ್ಕ 45 ದಿನ ಏನಾಗುತ್ತದೆ? ಸಂತರ ತಾಳ್ಮೆಯ ಪರೀಕ್ಷೆಗಾಗಿ ಇರಬಹುದು ಎಂದ ಜೆರೋಮ್. ಮಧ್ಯಯುಗದವರು ಆ 45 ದಿನಗಳನ್ನು ಹಿಗ್ಗಿಸುತ್ತ ಹೋದರು. 950ರ ಸುಮಾರಿಗೆ ಆಡ್ಸೋ ಎಂಬ ಸಂನ್ಯಾಸಿ ರಾಣಿ ಗೆರ್ಬೆರ್ಗಾಗೆ ಬರೆದ ಪತ್ರದಲ್ಲಿ ಕಡೆಯ ಫ್ರಾಂಕ್ ದೊರೆ ಜೆರುಸಲೇಮಿಗೆ ಹೋಗಿ ಕಿರೀಟ ಇಳಿಸುತ್ತಾನೆ, ಆಮೇಲೆ ಕ್ರಿಸ್ತವಿರೋಧಿ ಬರುತ್ತಾನೆ, ಅವನು ಸತ್ತ ಮೇಲೆ ಪಶ್ಚಾತ್ತಾಪಕ್ಕೆ ನಲವತ್ತು ದಿನ ಸಿಗುತ್ತದೆ ಎಂದಿದೆ. ಇಟಲಿಯ ಕಲಾಬ್ರಿಯಾದ ಜೊವಾಕಿಮ್ ಎಂಬ ಮಠಾಧಿಪತಿ (ನಿಧನ 1202) ಈ ಬಿಡುವನ್ನೇ ಒಂದು ಯುಗವಾಗಿಸಿದ. ತಂದೆಯ ಕಾಲ, ಮಗನ ಕಾಲ, ಇನ್ನು ಬರಲಿರುವ ಪವಿತ್ರಾತ್ಮನ ಕಾಲ. ಪ್ರಕಟನೆ ಸಭೆಯ ಇಡೀ ಚರಿತ್ರೆಯನ್ನು ಕ್ರಮವಾಗಿ ಹೇಳುತ್ತದೆಂದು ಅವನ ನಂಬಿಕೆ. ಏಳು ತಲೆಯ ಘಟಸರ್ಪದ ಚಿತ್ರದಲ್ಲಿ ಆರನೆಯ ತಲೆಗೆ ಸಲಾದಿನ್‌ನ ಹೆಸರಿದೆ. ಪ್ರಕಟನೆಯಲ್ಲಿ ಬರುವ 1260 ದಿನ ಎಂದರೆ 1260 ವರ್ಷ ಎಂದು ಅವನ ಶಿಷ್ಯರು ಆ ಇಸವಿಯನ್ನು ಎದುರುನೋಡಿದರು. ಆ ವರ್ಷ ಪೆರುಜಿಯಾದಲ್ಲಿ ಆರಂಭವಾಗಿ ಇಟಲಿಯ ಬೀದಿಗಳಲ್ಲಿ ಜನ ತಮ್ಮನ್ನೇ ಚಾಟಿಯಿಂದ ಹೊಡೆದುಕೊಂಡು ಸಾಗಿದರು.

ಹದಿನಾರನೆಯ ಶತಮಾನದಲ್ಲಿ ಪೋಪನೇ ಕ್ರಿಸ್ತವಿರೋಧಿ ಎಂದು ಲೂಥರ್‌ನ ಅನುಯಾಯಿಗಳು ಸಾರಿದಾಗ ಜೊವಾಕಿಮ್‌ನ ಮಾರ್ಗ ಅವರಿಗೆ ಅನುಕೂಲವಾಯಿತು. ಪ್ರತಿಯಾಗಿ ಇಬ್ಬರು ಸ್ಪ್ಯಾನಿಷ್ ಜೆಸ್ವಿಟರು ಎರಡು ದಿಕ್ಕಿಗೆ ಎಳೆದರು. ಪ್ರಕಟನೆಯ ಬಹುಭಾಗ ಕಡೆಯ ಮೂರೂವರೆ ವರ್ಷಕ್ಕೆ ಸೇರಿದ್ದು ಎಂದು 1590ರ ಸುಮಾರಿಗೆ ರಿಬೇರಾ, ಬಹುಭಾಗ ಆದಿ ಸಭೆಯ ಕಾಲದಲ್ಲೇ ಮುಗಿದುಹೋಯಿತು ಎಂದು 1614ರಲ್ಲಿ ಅಲ್ಕಾಸಾರ್.

ಕ್ರಮದ ಪ್ರಶ್ನೆಯನ್ನು ಒಂದು ವಿಧಾನವಾಗಿ ಬೆಳೆಸಿದವನು ಕೇಂಬ್ರಿಜ್‌ನ ಜೋಸೆಫ್ ಮೀಡ್. 1627ರ ಅವನ ಲ್ಯಾಟಿನ್ ಪುಸ್ತಕ, ಅರ್ಥ ಹೇಳುವ ಮೊದಲು ಯಾವ ದರ್ಶನ ಯಾವುದರ ಸಮಕಾಲೀನ ಎಂದು ಪಠ್ಯದೊಳಗಿನ ಗುರುತುಗಳಿಂದಲೇ ಗೊತ್ತುಮಾಡಬೇಕೆಂದು ಹಟ ಹಿಡಿಯಿತು. ಅಡವಿಗೆ ಓಡಿದ ಸ್ತ್ರೀ ಅಲ್ಲಿರುವುದು 1260 ದಿನ. ಗೋಣಿತಟ್ಟು ಉಟ್ಟ ಸಾಕ್ಷಿಗಳು ಪ್ರವಾದಿಸುವುದು 1260 ದಿನ. ಮೃಗದ ಅಧಿಕಾರ 42 ತಿಂಗಳು. ಪರಿಶುದ್ಧ ಪಟ್ಟಣವನ್ನು ತುಳಿಯುವುದು 42 ತಿಂಗಳು. ತಿಂಗಳಿಗೆ ಮೂವತ್ತು ದಿನದಂತೆ ಗುಣಿಸಿದರೆ ನಾಲ್ಕೂ ಒಂದೇ, ಆದ್ದರಿಂದ ನಾಲ್ಕೂ ಏಕಕಾಲದವು. 1643ರಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯ ಸಮಿತಿಯೊಂದರ ಆಜ್ಞೆಯಂತೆ ಇದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಐಸಾಕ್ ನ್ಯೂಟನ್ ಮೀಡ್‌ನ ಹಾದಿಯಲ್ಲೇ ನಡೆದ. ಮೀಡ್‌ನ ಫಲಿತಾಂಶಗಳನ್ನು ಒಪ್ಪದವರೂ ಅವನ ಶಿಸ್ತಿಗೆ ತಲೆಬಾಗಬೇಕು.

ಲೆಕ್ಕ ಇಸವಿಗೆ ಬಂದು ನಿಂತಾಗಲೆಲ್ಲ ಪೆಟ್ಟು ತಿಂದಿದೆ. ಜರ್ಮನಿಯ ವುರ್ಟೆಂಬರ್ಗಿನ ಬೆಂಗೆಲ್, ಗ್ರೀಕ್ ಹೊಸ ಒಡಂಬಡಿಕೆಯ ಪಾಠಶೋಧನೆಗೆ ಅಡಿಪಾಯ ಹಾಕಿದ ದೊಡ್ಡ ವಿದ್ವಾಂಸ, 1836ರಲ್ಲಿ ಮೃಗದ ಪತನವೆಂದು ಗುಣಿಸಿದ್ದ. ಅದೇ ವುರ್ಟೆಂಬರ್ಗಿನ ಭಕ್ತಿಪರಂಪರೆಯಲ್ಲಿ ಬೆಳೆದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದಿಳಿದದ್ದು 1836ರಲ್ಲಿಯೇ.  ಅಮೆರಿಕದ ರೈತ ವಿಲಿಯಂ ಮಿಲ್ಲರ್ ದಾನಿಯೇಲನ 2300 ದಿನಗಳನ್ನು ಕ್ರಿ.ಪೂ. 457ರಿಂದ ಎಣಿಸಿದ. ಅವನ ಅನುಯಾಯಿಗಳು 1844ರ ಅಕ್ಟೋಬರ್ 22ರ ರಾತ್ರಿಯಿಡೀ ಕಾದು, ಬೆಳಗಾದಾಗ ಅತ್ತರು. ಆ ನಿರಾಶೆಯ ಒಡಲಿಂದಲೇ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಹುಟ್ಟಿತು.

ಇಂದು ಹೆಚ್ಚು ಪ್ರಚಾರದಲ್ಲಿರುವ ಕ್ರಮ 1830ರ ದಶಕದ್ದು. ಐರ್ಲೆಂಡಿನ ಪವರ್ಸ್‌ಕೋರ್ಟ್ ಬಂಗಲೆಯಲ್ಲಿ 1831ರಿಂದ ನಡೆದ ಪ್ರವಾದನಾ ಕೂಟಗಳಲ್ಲಿ ಬ್ರದರನ್ ಮುಖಂಡ ಜಾನ್ ನೆಲ್ಸನ್ ಡಾರ್ಬಿಯ ಚಿಂತನೆ ರೂಪ ತಳೆಯಿತು. ಅವನ ಪ್ರಕಾರ ದಾನಿಯೇಲನ ಎಪ್ಪತ್ತು ವಾರಗಳಲ್ಲಿ 69 ಮುಗಿದು ಗಡಿಯಾರ ನಿಂತಿದೆ. ಈಗ ನಡೆಯುತ್ತಿರುವ ಸಭೆಯ ಕಾಲ ನಡುವೆ ತೆರೆದ ಆವರಣ. ಕಡೆಯ ವಾರ, ಅಂದರೆ ಏಳು ವರ್ಷ, ಮುಂದಿದೆ. ಕಡೆಯ ವಾರವನ್ನು ಬೇರ್ಪಡಿಸುವುದು ಹೊಸದೇನಲ್ಲ, ಹಿಪ್ಪೋಲಿಟಸ್ ಹಾಗೆ ಮಾಡಿದ್ದ. ಹೊಸದೆಂದರೆ ಬರೋಣವನ್ನು ಎರಡಾಗಿ ಬಿಡಿಸಿದ್ದು. ಮೊದಲು ಸಭೆ ಎತ್ತಲ್ಪಡುತ್ತದೆ, ಆಮೇಲೆ ಏಳು ವರ್ಷದ ಸಂಕಟ, ಅದರ ನಂತರ ಎಲ್ಲರ ಕಣ್ಣಿಗೂ ಕಾಣುವ ಬರೋಣ, ಹರ್ಮಗೆದೋನ್ ಯುದ್ಧ, ಸಾವಿರ ವರ್ಷ, ಸೈತಾನನ ಕಡೆಯ ದಂಗೆ, ಬಿಳಿ ಸಿಂಹಾಸನದ ತೀರ್ಪು. ಥೆಸಲೋನಿಕದ ಎರಡು ಪತ್ರಗಳ ತೊಡಕಿಗೆ ಇದು ಜಾಣ ಪರಿಹಾರವೆಂಬುದು ನಿಜ. ಆದರೆ ಎತ್ತಲ್ಪಡುವುದಕ್ಕೂ ಬರೋಣಕ್ಕೂ ನಡುವೆ ಏಳು ವರ್ಷವಿದೆ ಎಂದು ಹೇಳುವ ವಾಕ್ಯ ಒಂದೂ ಇಲ್ಲ. ಪ್ಲಿಮತ್ ಸಭೆಯ ಬೆಂಜಮಿನ್ ನ್ಯೂಟನ್ ಎಂಬಾತ ಡಾರ್ಬಿಯ ಆಪ್ತನಾಗಿದ್ದವನು. ಸಭೆ ಸಂಕಟವನ್ನು ಹಾದೇ ಹೋಗಬೇಕೆಂದು ಕಡೆತನಕ ವಾದಿಸಿದ.

ಈ ಕ್ರಮವನ್ನು ಮನೆಮನೆಗೆ ಮುಟ್ಟಿಸಿದ್ದು ಎರಡು ವಸ್ತುಗಳು. ಒಂದು, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1909ರಲ್ಲಿ ತಂದ ಸ್ಕೋಫೀಲ್ಡ್ ಬೈಬಲ್. ಮೇಲೆ ವಚನ, ಅದೇ ಪುಟದ ಬುಡದಲ್ಲಿ ಟಿಪ್ಪಣಿ. ಇನ್ನೊಂದು, ಯಂತ್ರಶಿಲ್ಪಿಯಾಗಿದ್ದು ಬ್ಯಾಪ್ಟಿಸ್ಟ್ ಬೋಧಕನಾದ ಕ್ಲಾರೆನ್ಸ್ ಲಾರ್ಕಿನ್ ಬರೆದ ನಕ್ಷೆಗಳು. ಯಂತ್ರದ ಬಿಡಿಭಾಗ ತೋರಿಸುವ ಕರಾರುವಾಕ್ಕು ಗೆರೆಗಳಲ್ಲಿ ಅವನು ಯುಗಗಳನ್ನು ಎಡದಿಂದ ಬಲಕ್ಕೆ ಜೋಡಿಸಿದ. ನಕ್ಷೆಯಲ್ಲಿ ಖಾಲಿ ಜಾಗ ಬಿಡುವಂತಿಲ್ಲ, ಪ್ರತಿ ವಚನಕ್ಕೂ ಒಂದು ಸ್ಥಾನ ಬೇಕು. ಯೆಹೆಜ್ಕೇಲನ ಗೋಗನ ಯುದ್ಧ ಎಲ್ಲಿ ಕೂರಬೇಕು? ಸಂಕಟಕ್ಕೆ ಮುಂಚೆ ಎಂದರು ಕೆಲವರು, ಅದರ ನಡುವೆ ಎಂದರು ಹಲವರು. ಪ್ರಕಟನೆಯಲ್ಲಿ ಗೋಗ್ ಮಾಗೋಗ್ ಹೆಸರು ಬರುವುದೋ ಸಾವಿರ ವರ್ಷ ಮುಗಿದ ಮೇಲೆ. 1970ರಲ್ಲಿ ಹಾಲ್ ಲಿಂಡ್ಸೆಯ ಪುಸ್ತಕ ಈ ಗೋಗನನ್ನು ಸೋವಿಯತ್ ರಷ್ಯವೆಂದು ಓದಿ ಲಕ್ಷಾಂತರ ಪ್ರತಿ ಮಾರಾಟವಾಯಿತು.

ಈ ಕ್ರಮಕ್ಕೆ ಒಳಗಿನಿಂದಲೇ ಪ್ರತಿವಾದ ಬಂತು. ಸಾವಿರ ವರ್ಷದ ರಾಜ್ಯವನ್ನು ನಂಬಿದ್ದ ಜಾರ್ಜ್ ಲ್ಯಾಡ್, ಬರೋಣ ಒಂದೇ, ಅದು ಸಂಕಟದ ಬಳಿಕ ಎಂದು 1956ರಲ್ಲಿ ಬರೆದ. ವ್ಯಾಖ್ಯಾನಕಾರ ಹೆಂಡ್ರಿಕ್ಸನ್ 1939ರಲ್ಲೇ ಪ್ರಕಟನೆಯನ್ನು ಏಳು ಸಮಾಂತರ ಭಾಗಗಳಾಗಿ ವಿಂಗಡಿಸಿ ಟೈಕೋನಿಯಸ್‌ನ ಸೂತ್ರಕ್ಕೆ ಮರುಜೀವ ಕೊಟ್ಟಿದ್ದ. ಆಂಗ್ಲ ವಿದ್ವಾಂಸ ಆರ್. ಎಚ್. ಚಾರ್ಲ್ಸ್ 1920ರಲ್ಲಿ ಇನ್ನೂ ಮುಂದೆ ಹೋಗಿ, ಯೋಹಾನ ಪುಸ್ತಕ ಮುಗಿಸುವ ಮುನ್ನ ತೀರಿಕೊಂಡ, ಮಿಕ್ಕ ಹಾಳೆಗಳನ್ನು ಶಿಷ್ಯನೊಬ್ಬ ತಪ್ಪಾಗಿ ಜೋಡಿಸಿದ ಎಂದು ಕಡೆಯ ಅಧ್ಯಾಯಗಳನ್ನೇ ಮರುಜೋಡಿಸಿದ. ಈ ಊಹೆಯನ್ನು ಇಂದು ಒಪ್ಪುವವರು ಕಡಿಮೆ. ರೋಮನ್ ಕ್ಯಾಥೊಲಿಕ್ ಸಭೆಯದು ಚುಟುಕು ನಿಲುವು: 1992ರ ಧರ್ಮೋಪದೇಶ ಗ್ರಂಥದ ಪ್ರಕಾರ ಬರೋಣಕ್ಕೆ ಮುಂಚೆ ಸಭೆಗೆ ಕಡೆಯ ಶೋಧನೆಯಿದೆ, ಚರಿತ್ರೆಯೊಳಗಿನ ಸಾವಿರ ವರ್ಷದ ರಾಜ್ಯವೆಂಬ ಬೋಧನೆ, ಎಷ್ಟೇ ಸೌಮ್ಯ ರೂಪದಲ್ಲಿದ್ದರೂ, ಒಪ್ಪತಕ್ಕದ್ದಲ್ಲ.

ಕ್ರಮವನ್ನು ಒತ್ತಿಹೇಳದ ಧಾರೆ, ಒತ್ತಿಹೇಳುವ ಧಾರೆ ಎರಡೂ ಕರ್ನಾಟಕದಲ್ಲಿವೆ. ಬಾಸೆಲ್ ಮಿಷನ್ ಹಿನ್ನೆಲೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಜನ ಪ್ರತಿ ವಾರ ಹೇಳುವ ವಿಶ್ವಾಸಪ್ರಮಾಣದಲ್ಲಿ ಕ್ರಮದ ಮಾತಿಲ್ಲ. ಬದುಕಿರುವವರಿಗೂ ಸತ್ತವರಿಗೂ ತೀರ್ಪು ಮಾಡಲು ಅವನು ಬರುತ್ತಾನೆ ಎಂಬಷ್ಟೇ ಇದೆ. ಬ್ರದರನ್ ಮತ್ತು ಪೆಂಟಕೋಸ್ಟ್ ಸಭೆಗಳಲ್ಲಿ 'ಎತ್ತಲ್ಪಡುವಿಕೆ' ಮೊದಲು, ಮಹಾಸಂಕಟ ಆಮೇಲೆ ಎಂಬ ಬೋಧನೆ ಬಳಕೆಯಲ್ಲಿದೆ. ಮಣ್ಣು ಮಾಡುವ ಹೊತ್ತಿಗೆ ಎರಡೂ ಕಡೆ ತೆರೆಯುವ ವಾಕ್ಯಭಾಗಗಳಲ್ಲಿ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯವೂ ಒಂದು.