ಪಾಲಿಮರ್ ಮಿಶ್ರಣಗಳಲ್ಲಿ ಇಂಗಾಲದ ಪೂರಕಗಳು: ಮಸಿಯಿಂದ ಗ್ರಾಫೀನಿನವರೆಗೆ

ಪಾಲಿಮರ್ ಮಿಶ್ರಣಗಳಿಗೆ ಗ್ರಾಫೀನನ್ನು ಪೂರಕವಾಗಿ ಸೇರಿಸಿ ಅವುಗಳ ಬಲವನ್ನೂ ವಿದ್ಯುದ್ವಾಹಕತೆಯನ್ನೂ ಹೆಚ್ಚಿಸುವುದು ಹೊಚ್ಚ ಹೊಸ ವಿದ್ಯೆಯೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ವಸ್ತು ಹೊಸದೆಂಬುದು ನಿಜ. ಆದರೆ ಅದರ ಮುಂದಿರುವ ಪ್ರಶ್ನೆ ಹಳೆಯದು. ಆ ಪ್ರಶ್ನೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಮೊದಲಿನ ಮೋಟಾರು ಟೈರುಗಳು ಬೆಳ್ಳಗಿದ್ದುವು. ರಬ್ಬರಿಗೆ ಸತುವಿನ ಆಕ್ಸೈಡನ್ನು ಬೆರಸುತ್ತಿದ್ದುದೇ ಇದಕ್ಕೆ ಕಾರಣ. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನಿನಲ್ಲಿ ಮೋಟ್ ಮತ್ತು ಅವರ ಸಹೋದ್ಯೋಗಿಗಳು ಇಂಗಾಲದ ಮಸಿಯು ರಬ್ಬರನ್ನು ಬಹಳ ಬಲಪಡಿಸುವುದೆಂದು ಕಂಡುಕೊಂಡರು. ಆದರೆ ಈ ಲಾಭಕ್ಕೆ ಮಸಿ ಧಾರಾಳವಾಗಿ ಬೇಕು. ಟೈರಿನಲ್ಲಿ 100 ಭಾಗ ರಬ್ಬರಿಗೆ ಸುಮಾರು 50 ಭಾಗ ಮಸಿ ಸೇರುವುದು ಸಾಮಾನ್ಯ.

ಎರಡು ಪಾಲಿಮರುಗಳನ್ನು ಕೂಡಿಸಿದಾಗ ಸಮಸ್ಯೆ ಇನ್ನೊಂದು ರೂಪ ತಾಳುತ್ತದೆ. ಅವು ಪ್ರಾಯಶಃ ಎಣ್ಣೆ ನೀರುಗಳಂತೆ ಬೇರೆಯಾಗಿಯೇ ನಿಲ್ಲುತ್ತವೆ. ಅಣುಗಳು ಉದ್ದನೆಯ ಸರಪಣಿಗಳಾಗಿರುವುದರಿಂದ ಬೆರಕೆಯಲ್ಲಿ ದೊರೆಯುವ ಎಂಟ್ರೊಪಿ ಅತ್ಯಲ್ಪವೆಂಬುದನ್ನು 1940ರ ದಶಕದ ಆರಂಭದಲ್ಲಿ ಫ್ಲೋರಿ ಮತ್ತು ಹಗ್ಗಿನ್ಸರ ಸಿದ್ಧಾಂತವು ವಿಶದಪಡಿಸಿತು. ಬಹುಕಾಲ ದೋಷವೆನಿಸಿದ್ದ ಈ ಒಡಕನ್ನೇ ಮುಂದೆ ಸಂಶೋಧಕರು ಉಪಯೋಗಕ್ಕೆ ತಂದುಕೊಂಡರು. ಮಸಿಯು ಮಿಶ್ರಣದಲ್ಲಿ ಸಮನಾಗಿ ಹರಡದೆ ಒಂದೇ ಪಾಲಿಮರಿನಲ್ಲಿಯೋ ಎರಡರ ಗಡಿಯಲ್ಲಿಯೋ ನೆಲಸುವುದನ್ನು ಜಪಾನಿನ ಸುಮಿತ ಮತ್ತು ಸಂಗಡಿಗರು 1991ರಲ್ಲಿ ವಿವರಿಸಿದರು. 1994ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ನಗರದ ಸಂಶೋಧಕರು ಪ್ರಕಟಿಸಿದ ಅಂಕಿಗಳು ಇನ್ನೂ ಸ್ಪಷ್ಟವಾಗಿವೆ. ಬರಿಯ ಪಾಲಿಎಥಿಲೀನಿನಲ್ಲಿ ವಿದ್ಯುತ್ತು ಹರಿಯಲು ತೂಕದಲ್ಲಿ ಶೇಕಡಾ 5ರಷ್ಟು ಮಸಿ ಬೇಕಾಯಿತು. ಪಾಲಿಸ್ಟೈರೀನಿನೊಡನೆ ಮಿಶ್ರಣ ಮಾಡಿ ಮಸಿಯನ್ನು ಪಾಲಿಎಥಿಲೀನಿನಲ್ಲಿ ಮಾತ್ರ ಇರಿಸಿದಾಗ ಶೇಕಡಾ 3 ಸಾಕಾಯಿತು. ಎರಡರ ಗಡಿಯಲ್ಲಿ ನಿಲ್ಲಿಸಿದಾಗ ಶೇಕಡಾ 0.4 ಸಾಕಾಯಿತು.

ಗ್ರಾಫೀನಿನ ವಂಶವೂ ಹಳೆಯದೇ. 1859ರಲ್ಲಿ ಇಂಗ್ಲೆಂಡಿನ ಬ್ರೋಡಿ ಗ್ರಾಫೈಟನ್ನು ಪೊಟಾಸಿಯಂ ಕ್ಲೋರೇಟು ಮತ್ತು ನೈಟ್ರಿಕ್ ಆಮ್ಲಗಳಿಂದ ಸಂಸ್ಕರಿಸಿ ಗ್ರಾಫೈಟ್ ಆಕ್ಸೈಡನ್ನು ಪಡೆದರು. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್, ನೊವೊಸೆಲೋವ್ ಮತ್ತು ಸಹೋದ್ಯೋಗಿಗಳು ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು ಬೇರ್ಪಡಿಸಿ ಅದರ ಗುಣಗಳನ್ನು ಪ್ರಕಟಿಸಿದರು. 2010ರ ನೊಬೆಲ್ ಪಾರಿತೋಷಕ ಇವರಿಬ್ಬರಿಗೂ ಸಂದಿತು. 2006ರಲ್ಲಿ ಅಮೆರಿಕೆಯ ರುವಾಫ್ ಮತ್ತು ಸಂಗಡಿಗರು ಪಾಲಿಸ್ಟೈರೀನಿನಲ್ಲಿ ಗಾತ್ರದ ಶೇಕಡಾ 0.1ರಷ್ಟು ಗ್ರಾಫೀನಿನಿಂದಲೇ ವಿದ್ಯುತ್ತು ಹರಿಯತೊಡಗುವುದನ್ನು ತೋರಿಸಿದರು. ಇದಕ್ಕಾಗಿ ಅವರು ಬ್ರೋಡಿಯವರು ತೆರೆದ ಗ್ರಾಫೈಟ್ ಆಕ್ಸೈಡಿನ ಮಾರ್ಗವನ್ನೇ ಹಿಡಿದಿದ್ದರೆಂಬುದು ಗಮನಾರ್ಹ.

ಆದರೆ ಆ ಹಾಳೆಗಳನ್ನು ದ್ರಾವಣದಲ್ಲಿ ಎಚ್ಚರಿಕೆಯಿಂದ ಬಿಡಿಸಿ ಹರಡಿದ್ದುದನ್ನು ಮರೆಯಬಾರದು. ಕಾರ್ಖಾನೆಯಲ್ಲಿ ಕರಗಿದ ಪಾಲಿಮರಿಗೆ ಬೆರಸುವಾಗ ಹಾಳೆಗಳು ಒಂದರ ಮೇಲೊಂದು ಕೂಡಿಕೊಂಡು ಮತ್ತೆ ಗ್ರಾಫೈಟಿನಂತಾಗುವ ಭಯವಿದೆ. ಮಿಶ್ರಣದಲ್ಲಾದರೋ ಗಡಿಯಲ್ಲಿರಬೇಕಾದ ಹಾಳೆಯು ಬೆರಕೆಯ ಕಾಲ ಮೀರಿದರೆ ತನಗೆ ಹೆಚ್ಚು ಒಗ್ಗುವ ಪಾಲಿಮರಿನೊಳಕ್ಕೆ ಸರಿದುಹೋಗಬಹುದು. ಆಗ ಹಾಳೆ ಎಷ್ಟು ಬಲಿಷ್ಠವಾದರೂ ಫಲ ದೊರೆಯದು.

ಒಟ್ಟಿನಲ್ಲಿ, ಪೂರಕವು ಯಾವುದು, ಎಷ್ಟು ಎಂದು ಕೇಳಿದಷ್ಟೇ ಆಸ್ಥೆಯಿಂದ ಅದು ಎಲ್ಲಿ ನೆಲಸಿದೆಯೆಂದೂ ಕೇಳಬೇಕೆಂಬುದು ಈ ಚರಿತ್ರೆಯಿಂದ ವಿದಿತವಾಗುತ್ತದೆ. ಗ್ರಾಫೀನನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ಮಸಿಯ ಕಥೆಯನ್ನು ಮೊದಲು ಓದಿಕೊಳ್ಳುವುದು ಒಳಿತು.