413 ದಿನಗಳ ನಿದ್ರೆ: ಕೋಷ್ಟಕದ ಅಡಿಟಿಪ್ಪಣಿಯೊಂದರ ಮರುಓದು

ಸೆಲ್ಯುಲಾರ್ ಐಒಟಿ ಮಾಡ್ಯೂಲುಗಳ ಪಿಎಸ್‌ಎಂ (ವಿದ್ಯುತ್ ಉಳಿಸುವ ನಿದ್ರಾಸ್ಥಿತಿ) ಚರಿತ್ರೆಯನ್ನು ಕೈಪಿಡಿಗಳು ಸಾಮಾನ್ಯವಾಗಿ 2015ರ ಮಾರ್ಚಿನಿಂದ, ಅಂದರೆ ಮೊಬೈಲ್ ಮಾನಕಗಳನ್ನು ರೂಪಿಸುವ ತ್ರೀಜಿಪಿಪಿಯ ರಿಲೀಸ್ 12ರಿಂದ ಶುರುಮಾಡುತ್ತವೆ. ದೀರ್ಘ ಟೈಮರು ಹುಟ್ಟಿದ್ದೇ ಬ್ಯಾಟರಿಗಾಗಿ, ಅದರ ಬಲದಿಂದ ಮಾಡ್ಯೂಲು 413 ದಿನ ಮಲಗಬಲ್ಲದು ಎಂಬುದು ಅವುಗಳ ವಾದ. ತ್ರೀಜಿಪಿಪಿಯ ಮೂಲಪಾಠ ಈ ಎರಡನ್ನೂ ಹಾಗೆಯೇ ಒಪ್ಪುವುದಿಲ್ಲ.

413 ದಿನಕ್ಕೆ ಕೈಪಿಡಿಗಳು ಕೊಡುವ ಸಾಕ್ಷ್ಯವೆಲ್ಲ ಎಂಟು ಬಿಟ್ಟುಗಳಲ್ಲಿದೆ: 11011111. ಮೊದಲ ಮೂರು ಬಿಟ್ಟು ಏಕಮಾನವನ್ನು, ಉಳಿದ ಐದು ಸಂಖ್ಯೆಯನ್ನು ಸೂಚಿಸುತ್ತವೆ. 110 ಎಂದರೆ 320 ಗಂಟೆ, 11111 ಎಂದರೆ 31. ಗುಣಿಸಿದರೆ 9,920 ಗಂಟೆ. ಲೆಕ್ಕ ಸರಿಯೇ. ಆದರೆ ಈ ಬಿಟ್ಟುಗಳ ಅರ್ಥ ಕೊಡುವ, ತ್ರೀಜಿಪಿಪಿಯ ಟಿಎಸ್ 24.008 ದಾಖಲೆಯ ಕೋಷ್ಟಕದ ಕೆಳಗೇ ಒಂದು ಟಿಪ್ಪಣಿಯಿದೆ. ಸಮಗ್ರತೆಯ ರಕ್ಷಣೆಯಿರುವ ಸಂದೇಶದಲ್ಲಿ ಬಂದರೆ ಮಾತ್ರ 110 ಅನ್ನು 320 ಗಂಟೆಯೆಂದು ಓದಬೇಕು. ಇಲ್ಲದಿದ್ದರೆ ಒಂದು ಗಂಟೆಯೆಂದು. ಅಂದರೆ ಅದೇ ಎಂಟು ಬಿಟ್ಟು ರಕ್ಷಣೆಯಿಲ್ಲದ ಸಂದೇಶದಲ್ಲಿ ಬರೀ 31 ಗಂಟೆ! ಯಾರೋ ಕಳಿಸಿದ ನಕಲಿ ಸಂದೇಶವನ್ನು ನಂಬಿ ಉಪಕರಣ ವರ್ಷಕ್ಕೂ ಹೆಚ್ಚು ಕಾಲ ಮಲಗಬಾರದೆಂಬ ಎಚ್ಚರ ಇದರ ಹಿಂದಿದೆ ಎಂಬುದು ನನ್ನ ಓದು. (ಬೇರೆ ಕಾರಣ ಕೊಡುವವರಿದ್ದರೆ ಕೇಳಲು ಸಿದ್ಧ, ಟಿಪ್ಪಣಿಯನ್ನೇ ಹಾರಿಸಿ 413 ಎಂದು ನಕಲು ಮಾಡುವವರೊಡನೆ ಚರ್ಚೆ ಸಾಧ್ಯವಿಲ್ಲ.) ಅಲ್ಲದೆ ಮಾಡ್ಯೂಲಿಗೆ ಕೊಡುವ ಎಟಿ+ಸಿಪಿಎಸ್‌ಎಂಎಸ್ ಆದೇಶದಲ್ಲಿ ನಾವು ಬರೆಯುವುದು ಬೇಡಿಕೆಯಷ್ಟೇ. ಮಂಜೂರು ಮಾಡುವುದು ನೆಟ್‌ವರ್ಕು.

ಹುಟ್ಟಿನ ಪ್ರಶ್ನೆಯೂ ಇದೆ. ಆ ದೀರ್ಘ ಟೈಮರು, ಅಂದರೆ ಮಾಡ್ಯೂಲು ನೆಟ್‌ವರ್ಕಿಗೆ ಹಾಜರಿ ಹಾಕುವ ಅವಧಿಯನ್ನು ಎಣಿಸುವ ಟಿ3412ರ ದೀರ್ಘ ರೂಪ, ಬಂದದ್ದು ರಿಲೀಸ್ 10ರಲ್ಲಿ. ಲಕ್ಷಾಂತರ ಯಂತ್ರಗಳು ಪದೇಪದೇ ಹಾಜರಿ ಹಾಕಿ ನೆಟ್‌ವರ್ಕನ್ನು ಉಸಿರುಗಟ್ಟಿಸಬಾರದು ಎಂಬುದೇ ಆಗಿನ ಚಿಂತೆ. ರಿಲೀಸ್ 12 ಅದರ ಪಕ್ಕಕ್ಕೆ ಟಿ3324 ಅನ್ನು ತಂದಿತು. ಈ ಟೈಮರು ಮುಗಿದ ಮೇಲೆ ಮಾಡ್ಯೂಲು ಕರೆಗೆ ಓಗೊಡಬೇಕಿಲ್ಲ, ಆದರೂ ಅದರ ನೋಂದಣಿ ಅಳಿಯುವುದಿಲ್ಲ. ಪಿಎಸ್‌ಎಂನ ನಿಜವಾದ ಹೊಸತನ ಇದು.

ಈ ಎರಡು ಟೈಮರುಗಳ ವ್ಯತ್ಯಾಸ ನಮ್ಮ ಕರಾವಳಿಗೆ ಬೇಕಾದದ್ದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿರುವ ಸೌರಶಕ್ತಿಯ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವಂತೆ ರೂಪುಗೊಂಡವು, ದಾರಿ ಜಿಪಿಆರ್‌ಎಸ್. ಉಡುಪಿ ಜಿಲ್ಲೆಯ ಪೆರ್ಡೂರಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಮಾಪಕಕ್ಕೆ ಅತಿ ಹೆಚ್ಚು ಕೆಲಸವಿರುವುದೂ ಆಗಲೇ. ಇಂಥಲ್ಲಿ ಎನ್‌ಬಿ-ಐಒಟಿ ಎಂಬ ಸೆಲ್ಯುಲಾರ್ ಐಒಟಿ ಬಗೆಯ ಮಾಡ್ಯೂಲು ಕೂರಿಸಿದರೂ 413ರಿಂದ ಒಂದು ಹನಿ ಪ್ರಯೋಜನವಿಲ್ಲ. ಪ್ರತಿ ಸಲ ಲೆಕ್ಕ ಕಳಿಸಿ ಐಡಲ್ ಸ್ಥಿತಿಗೆ ಮರಳಿದಾಗಲೂ ಟಿ3412 ಮೊದಲಿನಿಂದ ಎಣಿಸತೊಡಗುತ್ತದೆ. 15 ನಿಮಿಷ ಮೀರಿದ ಯಾವ ಬೆಲೆಯೂ ಅಲ್ಲಿ ಮುಗಿಯುವ ಹಂತಕ್ಕೇ ಬರುವುದಿಲ್ಲ. ಬ್ಯಾಟರಿಯ ಗತಿ ನಿಂತಿರುವುದು ಸಿಗ್ನಲಿನ ಬಲದ ಮೇಲೆ, ಮತ್ತು ಕಳಿಸಿದ ನಂತರ ಎಷ್ಟು ಹೊತ್ತು ಎಚ್ಚರವಿರಬೇಕೆಂದು ಹೇಳುವ ಟಿ3324ರ ಮೇಲೆ. ಅದು ಎರಡು ಸೆಕೆಂಡೂ ಆಗಬಹುದು, 186 ನಿಮಿಷವೂ ಆಗಬಹುದು.