ಕ್ಯಾಲಿಫೋರ್ನಿಯಾದ ಕ್ಷಾರ ಸರೋವರ ಚೇಳುಗಳು

ಪಾರುರೊಕ್ಟೋನಸ್ ಸೋಡಾ ಮತ್ತು ಪಾರುರೊಕ್ಟೋನಸ್ ಕನ್‌ಕ್ಲೂಸಸ್ ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದ ಒಣ ಸರೋವರಗಳ ಬಳಿ, ಕ್ಷಾರಯುಕ್ತ ನೆಲದಲ್ಲಿ ವಾಸಿಸುವ ಎರಡು ಚೇಳಿನ ಪ್ರಭೇದಗಳು. ವೇಜೋವಿಡೇ ಕುಟುಂಬಕ್ಕೆ ಸೇರಿದ ಇವುಗಳನ್ನು 2022ರಲ್ಲಿ 'ಝೂಕೀಸ್' ಎಂಬ ವೈಜ್ಞಾನಿಕ ನಿಯತಕಾಲಿಕೆಯಲ್ಲಿ ಮೊದಲ ಬಾರಿಗೆ ವಿವರಿಸಲಾಯಿತು.

ಆವಾಸ

ಹೊರಹರಿವಿಲ್ಲದ ತಗ್ಗು ಪ್ರದೇಶದಲ್ಲಿ ಮಳೆಗಾಲದ ನೀರು ಸಂಗ್ರಹವಾಗಿ, ಬಳಿಕ ಬಿಸಿಲಿಗೆ ಆವಿಯಾಗುತ್ತದೆ. ನೀರಿನಲ್ಲಿ ಕರಗಿದ್ದ ಲವಣಗಳು ನೆಲದ ಮೇಲೆ ಬಿಳಿ ಪದರವಾಗಿ ಉಳಿಯುತ್ತವೆ. ಇಂತಹ ಚೌಳು ಮಣ್ಣಿನಲ್ಲಿ ಉಪ್ಪನ್ನು ಸಹಿಸಬಲ್ಲ ಕೆಲವೇ ಸಸ್ಯಗಳು ಬೆಳೆಯುತ್ತವೆ. ಈ ನೆಲಕ್ಕೆ ಹೊಂದಿಕೊಂಡ ಚೇಳುಗಳಿಗೆ ಅದರಾಚೆಗಿನ ಭಿನ್ನ ಬಗೆಯ ಮಣ್ಣೇ ತಡೆಯಾಗುತ್ತದೆ. ಹೀಗಾಗಿ ಪ್ರತಿಯೊಂದು ಒಣ ಸರೋವರವೂ ಮರುಭೂಮಿಯ ನಡುವಿನ ದ್ವೀಪದಂತೆ ಇರುತ್ತದೆ.

ಪಾ. ಸೋಡಾ ಕ್ಯಾರಿಜೊ ಬಯಲಿನ ಸೋಡಾ ಸರೋವರದ ಬಳಿ ಕಂಡುಬರುತ್ತದೆ. ಪಾ. ಕನ್‌ಕ್ಲೂಸಸ್ ಮೊಹಾವಿ ಮರುಭೂಮಿಯ ಕೇನ್ ಸರೋವರದ ಅಂಚಿನಲ್ಲಿದೆ.

ಪತ್ತೆ

ಸಾರ್ವಜನಿಕರು ಜೀವಿಗಳ ಛಾಯಾಚಿತ್ರಗಳನ್ನು ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಗುರುತಿಸಲಾಗದೆ ಉಳಿದಿದ್ದ ಚೇಳುಗಳ ಚಿತ್ರಗಳನ್ನು ಪ್ರಾಕೃತ್ ಜೈನ್ ಮತ್ತು ಹಾರ್ಪರ್ ಫೋರ್ಬ್ಸ್ ಗಮನಿಸಿದರು. ಆಗ ಇಬ್ಬರೂ ಹೈಸ್ಕೂಲು ವಿದ್ಯಾರ್ಥಿಗಳಾಗಿದ್ದರು. ಚೇಳಿನ ಮೈಹೊದಿಕೆ ನೇರಳಾತೀತ ಬೆಳಕಿನಲ್ಲಿ ಹಸಿರು-ನೀಲಿಯಾಗಿ ಹೊಳೆಯುವುದರಿಂದ, ಅಂತಹ ದೀಪಗಳ ನೆರವಿನಿಂದ ಅವರು ರಾತ್ರಿಯಲ್ಲಿ ಚೇಳುಗಳನ್ನು ಹುಡುಕಿ ಮಾದರಿಗಳನ್ನು ಸಂಗ್ರಹಿಸಿದರು. ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಲಾರೆನ್ ಎಸ್ಪೊಸಿಟೊ ಮತ್ತಿತರರ ಜೊತೆಗೂಡಿ ಇವು ಹೊಸ ಪ್ರಭೇದಗಳೆಂದು ನಿರೂಪಿಸಿದರು.

ಹೆಸರು

'ಸೋಡಾ' ಎಂಬುದು ಸರೋವರದ ಹೆಸರಿನಿಂದ ಬಂದಿದೆ. 'ಕನ್‌ಕ್ಲೂಸಸ್' ಎಂಬುದು ಲ್ಯಾಟಿನ್ ಪದವಾಗಿದ್ದು, ಸುತ್ತ ಮುಚ್ಚಲ್ಪಟ್ಟದ್ದು ಎಂಬ ಅರ್ಥವನ್ನು ಹೊಂದಿದೆ. ಇದು ಆ ಚೇಳಿನ ಅತಿ ಕಿರಿದಾದ ನೆಲೆಯನ್ನು ಸೂಚಿಸುತ್ತದೆ.

ಸಂರಕ್ಷಣೆ

ಎರಡೂ ಪ್ರಭೇದಗಳ ವ್ಯಾಪ್ತಿ ಕಿರಿದಾಗಿದ್ದರೂ ಅವುಗಳ ಭದ್ರತೆ ಸಮನಾಗಿಲ್ಲ. ಪಾ. ಸೋಡಾದ ನೆಲೆಯು 2001ರಲ್ಲಿ ಘೋಷಿತವಾದ ಕ್ಯಾರಿಜೊ ಬಯಲು ರಾಷ್ಟ್ರೀಯ ಸ್ಮಾರಕದ ಒಳಗಿರುವುದರಿಂದ ಅದಕ್ಕೆ ಕಾನೂನಿನ ರಕ್ಷಣೆಯಿದೆ. ಪಾ. ಕನ್‌ಕ್ಲೂಸಸ್‌ನ ನೆಲೆಯು 2 ಕಿಲೋಮೀಟರ್‌ಗಿಂತ ಕಡಿಮೆ ಉದ್ದದ, ಕೆಲವೆಡೆ ಕೆಲವೇ ಮೀಟರ್ ಅಗಲದ ಪಟ್ಟಿಯಾಗಿದ್ದು, ವಿವರಣೆ ಪ್ರಕಟವಾದಾಗ ಅದಕ್ಕೆ ಯಾವುದೇ ರಕ್ಷಣೆ ಇರಲಿಲ್ಲ. ಅಲ್ಲಿ ಒಂದು ಸೌರ ವಿದ್ಯುತ್ ಸ್ಥಾವರ, ಗಣಿ ಅಥವಾ ವಸತಿ ಬಡಾವಣೆ ನಿರ್ಮಾಣವಾದರೂ ಇಡೀ ಪ್ರಭೇದವೇ ಅಳಿಯಬಹುದು. ಆದ್ದರಿಂದ ಸಂಶೋಧಕರು ತಾವು ಸಂಗ್ರಹಿಸಿದ ಮಾಹಿತಿಯನ್ನು ಬಳಸಿ ಅದರ ಅಳಿವಿನ ಅಪಾಯವನ್ನೂ ಅಂದಾಜು ಮಾಡಿದರು.